ಅಜ್ಜಿಗೆ ಓದಿ ಹೇಳದ ಕಾಗದ

ನಮ್ಮಜ್ಜಿ ಹುಟ್ಟಿದ್ದು ಜನವರಿ ಒಂದನೇ ತಾರೀಖು. ನಮ್ಮ ಕೇರಿಯಲ್ಲಿ ಅರವತ್ತು ದಾಟಿದವರೆಲ್ಲ ಹುಟ್ಟಿದ್ದು ಜನವರಿ ಒಂದನೇ ತಾರೀಖೇ. ಆಧಾರ್ ಕಾರ್ಡು ಮಾಡಿಸಲು ಹೋದಾಗ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ‘ಹುಟ್ಟಿದ ದಿನ ಹೇಳಜ್ಜಿ’ ಅಂದ. ‘ರಾಗಿ ಕಣ ನಡೀವಾಗಂತೆ ಕಣಪ್ಪ, ನಮ್ಮವ್ವ ಯೋಳ್ತಿದ್ಲು’ ಅಂದಳು. ಹುಡುಗ 01-01-1945 ಎಂದು ಒತ್ತಿದ. ರಾಗಿ ಕಣದ ಕಾಲ ಹೇಗೂ ಡಿಸೆಂಬರು ಜನವರಿಯೇ ಆದ್ದರಿಂದ ಈ ಒಂದು ವಿಷಯದಲ್ಲಿ ಸರ್ಕಾರ ಅಷ್ಟೇನೂ ತಪ್ಪಿರಲಿಲ್ಲ. ಬೇರೆ ವಿಷಯಗಳಲ್ಲಿ ತಪ್ಪಿತು. ನಾನೂ ತಪ್ಪಿದೆ. ಅದನ್ನು ಹೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಊರಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಊರಿನ ಹೆಸರೂ ಬೇಡ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಬಯಲುಸೀಮೆಯಲ್ಲಿ ಓಡಾಡಿದವರಿಗೆ ಇಂಥ ಊರು ಗೊತ್ತೇ ಇರುತ್ತದೆ. ಒಂದು ಕೆರೆ, ಕೆರೆಯ ತುಂಬ ಜಾಲಿ. ಏರಿಯ ಕೆಳಗಿನ ತರಿ ಜಮೀನು ಇದ್ದವರದು, ಗುಡ್ಡದ ಕಡೆಯ ಕಲ್ಲುಭೂಮಿ ಇಲ್ಲದವರದು. ಊರು ಮುಗಿದ ಮೇಲೆ ಒಂದು ಹೊಲ ದಾಟಿ ನಮ್ಮ ಕೇರಿ.

ಅಜ್ಜಿ ಸೂಲಗಿತ್ತಿ. ಅವಳ ಕೈಗೆ ಬಂದ ಕೂಸುಗಳು ಎಷ್ಟೋ ಅವಳಿಗೇ ಲೆಕ್ಕ ಇರಲಿಲ್ಲ. ಕೂಸಿನ ಲೆಕ್ಕ ಇಡಬಾರದು, ಕುರಿ ಏನು ಅವು, ಅಂತಿದ್ದಳು. ಬಸುರಿಯ ಹೊಟ್ಟೆಗೆ ಹರಳೆಣ್ಣೆ ಸವರಿ ಕಣ್ಣು ಮುಚ್ಚಿ ಒಂದು ಸುತ್ತು ಕೈಯಾಡಿಸಿದರೆ ತಲೆ ಎಲ್ಲಿ, ಕಾಲೆಲ್ಲಿ, ಬೆಳಗಾಗುವುದರೊಳಗೆ ಆಗುತ್ತೋ ನಾಳೆಗೋ ಹೇಳುತ್ತಿದ್ದಳು. ಕೂಸು ಅಡ್ಡ ತಿರುಗಿದೆ ಅನ್ನಿಸಿದರೆ ಮುಟ್ಟುತ್ತಲೇ ಇರಲಿಲ್ಲ. ಗಾಡಿ ಕಟ್ಟಿ, ಆಸ್ಪತ್ರೆಗೆ ಹಾಕ್ಕೊಂಡು ಹೋಗಿ ಅಂತ ಕೂಗಾಡುತ್ತಿದ್ದಳು. 2008ರಲ್ಲಿ 108ರ ಗಾಡಿ ಬಂದಮೇಲೆ ಅವಳನ್ನು ಕರೆಯುವವರು ಕಡಿಮೆಯಾದರು. ನಮ್ಮಂಥವರು ಕವಿತೆಯಲ್ಲಿ ಸೂಲಗಿತ್ತಿಯ ಕೈ ಬರಿದಾಯಿತು ಅಂತೆಲ್ಲ ಕೊರಗುತ್ತೇವೆ. ಅವಳು ಕೊರಗಲಿಲ್ಲ. ‘ಒಳ್ಳೇದೇ ಆತು ಬುಡು. ಎಷ್ಟು ಹೆಣ್ಮಕ್ಳು ಎತ್ತಿನ ಗಾಡಿನಾಗೇ ಕಣ್ಣು ಮುಚ್ಚಿದ್ರು, ನಾನು ಕಂಡಿಲ್ವಾ’ ಅಂದಳು.

ಮೇಲಿನ ಕೇರಿಯ ಮನೆಗಳಿಗೂ ಹೋಗುತ್ತಿದ್ದಳು. ಅಲ್ಲಿ ದಾರಿ ಬೇರೆ. ತಲೆಬಾಗಿಲಿಂದ ಅಲ್ಲ, ದನದ ಕೊಟ್ಟಿಗೆ ಬಳಸಿ ಹಿತ್ತಿಲ ಬಾಗಿಲಿಂದ. ಕೂಸು ಹೊರಬರುವ ತನಕ ಅವಳ ಕೈ ಬೇಕು. ಹೊಕ್ಕುಳಬಳ್ಳಿ ಕತ್ತರಿಸಬೇಕು, ಕಸ ಹೂಳಬೇಕು, ರಕ್ತದ ಬಟ್ಟೆ ಒಗೆಯಬೇಕು. ಹನ್ನೊಂದು ದಿನ ಬಾಣಂತಿಯೇ ಮೈಲಿಗೆ, ಆದ್ದರಿಂದ ಆ ಹನ್ನೊಂದು ದಿನ ಅಜ್ಜಿ ತಾಯಿ ಕೂಸು ಇಬ್ಬರಿಗೂ ಎಣ್ಣೆ ತಿಕ್ಕಿ ನೀರು ಹಾಕಬಹುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೂಗು ತೀಡಬಹುದು. ಹನ್ನೆರಡನೇ ದಿನ ಮನೆ ತೊಳೆದ ಮೇಲೆ ಬಾಣಂತಿ ಶುದ್ಧ, ಮನೆ ಶುದ್ಧ, ಮೈಲಿಗೆಯೆಲ್ಲ ಅಜ್ಜಿಯದು. ಒಂದು ಮೊರ ರಾಗಿ, ಬೆಲ್ಲ, ಹಳೇ ಸೀರೆ ಇಸಕೊಂಡು ಬಂದ ದಾರಿಯಲ್ಲೇ ಹೊರಡಬೇಕು. ಗಂಡು ಹುಟ್ಟಿದರೆ ಎಲೆಅಡಿಕೆಯ ಮೇಲೆ ಒಂದು ರೂಪಾಯಿ ಹೆಚ್ಚು. ಜಾತಿಯ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಈ ಹನ್ನೊಂದು ದಿನದಷ್ಟು ಚೆನ್ನಾಗಿ ನನಗೆ ಪಾಠ ಹೇಳಲಿಲ್ಲ.

2018ರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತಲ್ಲ, ಆಗ ಪೇಪರಿನಲ್ಲಿ ಅವರ ಚಿತ್ರ ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿದಳು. ನರಸಮ್ಮನವರ ಕೈ ನೋಡಿದಳು, ಮುಖ ಅಲ್ಲ. ಆಮೇಲೆ ಕೇಳಿದಳು: ‘ಇವ್ರಿಗೆ ಭೂಮಿ ಐತಂತಾ?’

ಅವಳ ತಲೆಯಲ್ಲಿ ಯಾವಾಗಲೂ ಇದ್ದದ್ದು ಭೂಮಿ. ಎರಡು ಎಕರೆ ಹತ್ತು ಗುಂಟೆ.

ಅದು ದರಖಾಸ್ತಿನ ಜಮೀನು. ಗುಡ್ಡದ ಬುಡದ ಗೋಮಾಳದಲ್ಲಿ 1964ರಲ್ಲಿ ತಾತನಿಗೆ ಮಂಜೂರಾದದ್ದು. ಸಾಗುವಳಿ ಚೀಟಿಯಲ್ಲಿ ಹದಿನೈದು ವರ್ಷ ಯಾರಿಗೂ ಪರಭಾರೆ ಮಾಡಕೂಡದು ಎಂದು ಷರತ್ತು ಇದೆ. ಭೂಮಿ ಅನ್ನುವುದಕ್ಕಿಂತ ಕಲ್ಲು ಅನ್ನಬೇಕು. ತಾತ, ಅಜ್ಜಿ ಇಬ್ಬರೂ ಮೂರು ಬೇಸಗೆ ಕಲ್ಲು ಆಯ್ದು ಬದುವಿಗೆ ಒಟ್ಟಿದರಂತೆ. ಆ ಬದು ಈಗಲೂ ಇದೆ, ಎದೆಮಟ್ಟ. ನಾಲ್ಕನೇ ವರ್ಷ ರಾಗಿ ಬಂತು. ನಮ್ಮ ವಂಶದಲ್ಲಿ ಸ್ವಂತ ಹೊಲದ ರಾಗಿ ಬೀಸಿ ಮುದ್ದೆ ಮಾಡಿದ ಮೊದಲನೆಯವಳು ನಮ್ಮಜ್ಜಿ. ಈ ಮಾತನ್ನು ಅವಳು ಯಾರೇ ಮನೆಗೆ ಬರಲಿ ಹೇಳುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಕೂತು ಯಾವ ಹಾಡು ಹೇಳಿದೆ ಅನ್ನುವುದನ್ನೂ ಹೇಳುತ್ತಿದ್ದಳು. ಪ್ರತಿಸಲ ಬೇರೆ ಹಾಡು.

ಆಮೇಲೆ 1972ರ ಬರ. ಕೆರೆ ಬಿರುಕು ಬಿಟ್ಟಿತು. ಮನೆಯಲ್ಲಿ ಮೂರು ಮಕ್ಕಳು, ಅದರಲ್ಲಿ ನಮ್ಮಪ್ಪ ನಾಲ್ಕು ವರ್ಷದವನು. ತಾತ ದೊಡ್ಡಮನೆಗೆ ಹೋಗಿ ಕೈಮುಗಿದು ನಿಂತ. ನಾನೂರು ರೂಪಾಯಿ, ಒಂದು ಪಲ್ಲ ರಾಗಿ. ಹೊಲ ಭೋಗ್ಯಕ್ಕೆ ಬಿಡುವುದು, ಹಣ ತೀರಿಸಿದ ದಿನ ಬಿಡಿಸಿಕೊಳ್ಳುವುದು ಎಂದು ಮಾತಾಯಿತು. ಕಾಗದ ಬರೆದವನು ಓದಿ ಹೇಳಿದ್ದೂ ಹಾಗೆಯೇ. ತಾತ ಹೆಬ್ಬೆಟ್ಟು ಒತ್ತಿದ. ‘ನೀನೂ ಒತ್ತಮ್ಮೀ, ಸಾಕ್ಷಿ ಇರ್ಲಿ’ ಅಂದರು. ಅಜ್ಜಿಯೂ ಒತ್ತಿದಳು. ಆ ಕಾಗದದಲ್ಲಿ ಭೋಗ್ಯ ಅನ್ನುವ ಪದವೇ ಇಲ್ಲ. ಅದು ಶುದ್ಧ ಕ್ರಯಪತ್ರ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅದರ ನಕಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ‘ಕ್ರಯ’ ಅಂದರೆ ಏನು ಅಂತ ಮೇಷ್ಟ್ರನ್ನು ಕೇಳಿ ತಿಳಿದುಕೊಂಡು ಬಂದೆ.

ಅದಾದಮೇಲೆ ಅಜ್ಜಿ ಅದೇ ಹೊಲಕ್ಕೆ ಕೂಲಿಗೆ ಹೋದಳು. ತಾನೇ ಕಲ್ಲು ಆಯ್ದ ಹೊಲದಲ್ಲಿ ಕಳೆ ತೆಗೆದಳು, ರಾಗಿ ಕೊಯ್ದಳು. 1980ರ ಸುಮಾರಿನ ಒಂದು ಕುಯ್ಲಿನಲ್ಲಿ ಕುಡುಗೋಲು ಜಾರಿ ಎಡಗೈ ಹೆಬ್ಬೆಟ್ಟು ಅಡ್ಡಡ್ಡಲಾಗಿ ಕೊಯ್ದುಹೋಯಿತು. ದಣಿಯ ಮನೆಯಿಂದ ಅರಿಶಿನ ಕೊಟ್ಟರು. ಅರ್ಧ ದಿನದ ಕೂಲಿ ಹಿಡಿದುಕೊಂಡರು. ಆ ಬೆರಳು ಮತ್ತೆ ಪೂರ್ತಿ ಮಡಚಲಿಲ್ಲ. ಅದೇ ಬೆರಳಿನಲ್ಲೇ ಮುಂದೆ ಇಪ್ಪತ್ತೆಂಟು ಮೂವತ್ತು ವರ್ಷ ಕೂಸುಗಳನ್ನು ಹಿಡಿದಳು. ಅವಳು ಹಿಡಿದ ಕೂಸುಗಳಲ್ಲಿ ಆ ದೊಡ್ಡಮನೆಯ ಮಗನೂ ಒಬ್ಬ, ಈಗ ನಮ್ಮ ಕೇಸಿನ ಎದುರುದಾರ. ‘ತಲೆ ದಪ್ಪಿತ್ತು ಕಣ್ಲಾ, ಎರಡು ದಿನ ಕಾಡ್ದ. ಆವತ್ತೂ ಕಾಡ್ದ, ಈಗ್ಲೂ ಕಾಡ್ತವ್ನೆ’ ಅಂದು ನಗುತ್ತಿದ್ದಳು. ಈ ನಗು ನನಗೆ ಬರುವುದಿಲ್ಲ. ನಮ್ಮ ಸಂಘಟನೆಯ ಗೆಳೆಯರಿಗೂ ಬರುವುದಿಲ್ಲ.

ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1978ರಲ್ಲಿ ಒಂದು ಕಾಯ್ದೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಆ ಮಾರಾಟವೇ ಅನೂರ್ಜಿತ. ಕಾಯ್ದೆಗೆ ಮೊದಲು ಕೊಂಡದ್ದಿರಲಿ, ಆಮೇಲೆ ಕೊಂಡದ್ದಿರಲಿ. ಜನ ಅದನ್ನು ಪಿಟಿಸಿಎಲ್ ಅನ್ನುತ್ತಾರೆ. 1979ರ ಜನವರಿ ಒಂದರಿಂದ ಜಾರಿ. (ನೋಡಿ, ಮತ್ತೆ ಜನವರಿ ಒಂದು. ನಮ್ಮ ಕೇರಿಯವರ ಜತೆ ಹುಟ್ಟಿದ ಕಾಯ್ದೆ.) ಭೂಮಾಲೀಕರು ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಅಜ್ಜಿ ಅರ್ಜಿ ಹಾಕಿದ್ದು 2007ರಲ್ಲಿ. ನಡುವೆ ಇಪ್ಪತ್ತೆಂಟು ವರ್ಷ. ಕಾನೂನಿನ ಭಾಷೆಯಲ್ಲಿ ಇದಕ್ಕೆ ವಿಳಂಬ ಎಂದು ಹೆಸರು.

ಈ ವಿಳಂಬ ಏನು ಅನ್ನುವುದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾಯ್ದೆ ಬಂದ ವರ್ಷ ನಮ್ಮಪ್ಪ ಅದೇ ದೊಡ್ಡಮನೆಯಲ್ಲಿ ಜೀತಕ್ಕಿದ್ದ. ಜೀತ ಪದ್ಧತಿ ರದ್ದಾಗಿ ಕಾಯ್ದೆಯಾದದ್ದು 1976ರಲ್ಲಿ; ಆ ಸುದ್ದಿಯೂ ದನ ಕಾಯುವ ಹುಡುಗನ ತನಕ ಬಂದಿರಲಿಲ್ಲ. ಮಗ ಅವರ ಕೊಟ್ಟಿಗೆಯಲ್ಲಿ ಮಲಗುತ್ತಿರುವಾಗ ತಾಯಿ ಅವರ ಮೇಲೆ ಅರ್ಜಿ ಬರೆಸುತ್ತಾಳೆಯೇ? 1981ರಲ್ಲಿ ತಾತ ಸತ್ತ. ತಾತನ ಮಣ್ಣಿಗೂ ಅವರ ಹತ್ತಿರವೇ ಸಾಲ. ಆಮೇಲೆ ಸಂಘದವರು ತಮಟೆ ಹಿಡಿದು, ಹಾಡು ಕಟ್ಟಿಕೊಂಡು ಕೇರಿಕೇರಿಗೆ ಬಂದರು. ಕಾಯ್ದೆಯ ವಿಷಯ ಮೊದಲು ಕೇಳಿದ್ದು ಅವರ ಬಾಯಿಂದ. ಪಕ್ಕದ ಊರಿನಲ್ಲಿ ಒಬ್ಬರು ಧೈರ್ಯ ಮಾಡಿ ಅರ್ಜಿ ಹಾಕಿದರು. ಆ ಕೇರಿಗೆ ಕೂಲಿ ಬಂದ್, ಅಂಗಡಿ ಬಂದ್, ಹೊಲದ ಹಾದಿ ಬಂದ್. ಆರು ತಿಂಗಳಿಗೆ ಅರ್ಜಿ ಹಾಕಿದವರೇ ವಾಪಸ್ ತೆಗೆದುಕೊಂಡರು. ಅದನ್ನು ನೋಡಿದ ಮೇಲೆ ನಮ್ಮಜ್ಜಿ ಬಾಯಿ ಮುಚ್ಚಿಕೊಂಡಳು. ಅಪ್ಪ ಗಾರೆ ಕೆಲಸಕ್ಕೆ ಬೆಂಗಳೂರು ಸೇರಿ, ಮನೆಗೆ ಊರಿನ ಕೂಲಿಯ ಹಂಗು ತಪ್ಪಿದ ಮೇಲಷ್ಟೇ ಅವಳಿಗೆ ಬಾಯಿ ಬಂತು. ನಮ್ಮ ಕಡೆ ಸಂಘದ ಕೆಲಸ ಮಾಡುತ್ತಿದ್ದ ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು ಅರ್ಜಿ ಬರೆದುಕೊಟ್ಟರು. ಆಗ ನನಗೆ ಎಂಟು ವರ್ಷ. ಅರ್ಜಿಯ ಮೇಲೆ ಒತ್ತಿದ ಶಾಯಿಯನ್ನು ಅಜ್ಜಿ ನನ್ನ ಚಡ್ಡಿಗೆ ಒರೆಸಿದ್ದು ನೆನಪಿದೆ.

ಇನ್ನೊಂದು ಮಾತು. ಅದೇ ಕಾಯ್ದೆಯ ಐದನೇ ಕಲಮಿನಲ್ಲಿ ಉಪವಿಭಾಗಾಧಿಕಾರಿ ಯಾರ ಅರ್ಜಿಗೂ ಕಾಯಬೇಕಿಲ್ಲ, ಯಾರಾದರೂ ಬರೆದು ತಿಳಿಸಿದರೂ ಸಾಕು, ತಾನಾಗಿಯೇ ಸ್ವಯಂಪ್ರೇರಣೆಯಿಂದಲೂ ವಿಚಾರಣೆ ಮಾಡಿ ಜಮೀನು ಬಿಡಿಸಿಕೊಡಬಹುದು ಎಂದಿದೆ. ಮಂಜೂರು ಮಾಡಿದ ಸರ್ಕಾರಕ್ಕೆ ತಾನು ಯಾರಿಗೆ ಕೊಟ್ಟೆ ಎಂದು ಗೊತ್ತು. ಪಹಣಿಯಲ್ಲಿ ಈಗ ಯಾರ ಹೆಸರಿದೆ ಎಂದೂ ಗೊತ್ತು. ಎರಡು ಪುಸ್ತಕ ಒಂದೇ ಕಚೇರಿಯ ಒಂದೇ ಬೀರುವಿನಲ್ಲಿ. ಇಪ್ಪತ್ತೆಂಟು ವರ್ಷ ಯಾರೂ ಎರಡನ್ನೂ ಒಟ್ಟಿಗೆ ತೆರೆಯಲಿಲ್ಲ. ಆ ವಿಳಂಬವನ್ನು ಯಾರ ಲೆಕ್ಕಕ್ಕೆ ಬರೆಯುವುದು?

2011ರಲ್ಲಿ ನಮ್ಮ ಪರ ಆದೇಶವಾಯಿತು. ಕೇರಿಯಲ್ಲಿ ಹಬ್ಬ. ಅಜ್ಜಿ ಹುರುಳಿ ಬಿತ್ತುತ್ತೇನೆ ಅಂತ ಒಂದು ಸೇರು ಬಿತ್ತನೆಕಾಳು ತೆಗೆದಿಟ್ಟಳು. ಹಿಂಗಾರಿಗೆ ಮುಂಚೆ ಎದುರುದಾರರು ಮೇಲ್ಮನವಿ ಹಾಕಿದರು, ತಡೆಯಾಜ್ಞೆ ಬಂತು. ಅಜ್ಜಿ ಹುರುಳಿಯನ್ನು ಬೂದಿ ಬೆರೆಸಿ ಮಡಿಕೆಗೆ ತುಂಬಿ ಅಟ್ಟಕ್ಕೆ ಇಟ್ಟಳು. ವರ್ಷಕ್ಕೊಮ್ಮೆ ಆ ಕಾಳು ಬೇಯಿಸಿ ಉಂಡು, ಹೊಸ ಕಾಳು ತಂದು ತುಂಬುತ್ತಿದ್ದಳು. ಕಾಳು ಮುಗ್ಗಾಗಬಾರದಲ್ಲ. ತಿಂಗಳಿಗೋ ಎರಡು ತಿಂಗಳಿಗೋ ವಾಯಿದೆ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಹೋಗಿ, ಕಚೇರಿಯ ಮುಂದಿನ ಮರದ ಕೆಳಗೆ ಕೂತು, ಸಂಜೆ ‘ಮುಂದಕ್ಕೆ ಹಾಕವ್ರೆ’ ಅಂತ ಬರುವುದು. ನಾನು ರಜದಲ್ಲಿದ್ದರೆ ಜೊತೆಗೆ ಹೋಗುತ್ತಿದ್ದೆ. ಮರದ ಕೆಳಗೆ ಇವಳ ವಯಸ್ಸಿನ ಎಷ್ಟೋ ಹೆಂಗಸರು, ಎಲ್ಲರ ಮಡಿಲಲ್ಲೂ ಒಂದು ಪ್ಲಾಸ್ಟಿಕ್ ಕವರು, ಕವರಿನಲ್ಲಿ ಕಾಗದ. ಒಬ್ಬರಿಗೂ ಓದು ಬಾರದು. ಯಾರ ಕಾಗದ ಯಾವುದು ಅಂತ ಮಾತ್ರ ಮಡಿಕೆಯ ಗುರುತಿನಿಂದ ಹೇಳುತ್ತಿದ್ದರು.

ಈ ನಡುವೆ ನಾನು ಓದಿದೆ. ಹಾಸ್ಟೆಲು, ಪಿಯುಸಿ, ಬಿ.ಎ. ಕವಿಯೂ ಆದೆ. ಕಾಲೇಜಿನಲ್ಲಿ ‘ಅಜ್ಜಿ’ ಅಂತ ಒಂದು ಪದ್ಯ ಬರೆದು ಬಹುಮಾನ ಹೊಡೆದೆ. ಊರಿಗೆ ಬಂದು ಅವಳಿಗೇ ಓದಿ ಹೇಳಿದೆ. ಕಣ್ಣೀರಿನಲ್ಲಿ ಹಿಟ್ಟು ಕಲಸಿ ಮುದ್ದೆ ಕಟ್ಟುವ ಅಜ್ಜಿ ಅದರಲ್ಲಿ ಬರುತ್ತಾಳೆ. ಎಲೆಅಡಿಕೆ ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಿ, ‘ಯಾರ್ಲಾ ಇವ್ಳು?’ ಅಂದಳು. ನೀನೇ ಅಂದೆ. ‘ನಾನ್ಯಾವತ್ತು ಹಂಗೆ ಮಾಡ್ದೆ? ಕಣ್ಣೀರ್ನಾಗೆ ಮುದ್ದೆ ತಿರುವಿದ್ರೆ ಉಪ್ಪಾಗ್ತದೆ, ನೀನು ಉಣ್ತಿದ್ದೇನ್ಲಾ?’ ಸಭೆಗಳಲ್ಲಿ ಎದೆ ಬಡಿದುಕೊಂಡು ಪದ್ಯ ಓದುವ ನನ್ನ ವಾರಿಗೆಯ ಕವಿಮಿತ್ರರಿಗೆ ಈ ಪ್ರಶ್ನೆಯನ್ನು ಹಾಗೇ ದಾಟಿಸುತ್ತಿದ್ದೇನೆ. ಆ ಪದ್ಯವನ್ನು ನಾನು ಮತ್ತೆ ಎಲ್ಲಿಯೂ ಓದಲಿಲ್ಲ.

2017ರಲ್ಲಿ ಸುಪ್ರೀಂ ಕೋರ್ಟು, ಈ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿ ಬರೆದಿಲ್ಲದಿದ್ದರೂ ಸಮಂಜಸವಾದ ಅವಧಿಯೊಳಗೆ ಹಾಕಬೇಕು ಅಂತ ತೀರ್ಪು ಕೊಟ್ಟಿತು. ಅದಾದ ಮೇಲೆ ರಾಜ್ಯದ ತುಂಬ ಇಂಥ ಅರ್ಜಿಗಳು ವಿಳಂಬ ಅನ್ನುವ ಒಂದೇ ಕಾರಣಕ್ಕೆ ಬಿದ್ದವು. ನಮ್ಮದೂ 2019ರಲ್ಲಿ ಬಿತ್ತು.

ಅಂಚೆಯವನು ಲಕೋಟೆ ತಂದು ಕೊಟ್ಟಾಗ ನಾನು ಊರಲ್ಲಿದ್ದೆ. ಅಜ್ಜಿ ಜಗಲಿ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು, ಬೆರಕೆ ಸೊಪ್ಪು. ‘ಓದ್ಲಾ’ ಅಂದಳು. ಒಂಬತ್ತು ಪುಟ. ಮೊದಲು ಕೊನೇ ಪುಟ ನೋಡಿದೆ. ಮೇಲ್ಮನವಿ ಪುರಸ್ಕರಿಸಲಾಗಿದೆ, ಮೂಲ ಅರ್ಜಿದಾರರು ವಿಳಂಬಕ್ಕೆ ಸಮಂಜಸ ಕಾರಣ ನೀಡಿಲ್ಲ, ಎಂದೆಲ್ಲ ಇತ್ತು. ಅಜ್ಜಿ ಸೊಪ್ಪು ಬಿಡಿಸುವುದು ನಿಲ್ಲಿಸಿರಲಿಲ್ಲ. ‘ಏನಂತೆ?’

‘ಮುಂದಕ್ಕೆ ಹಾಕವ್ರೆ ಕಣಜ್ಜಿ’ ಅಂದೆ.

‘ಇಷ್ಟು ದಪ್ಪ ಕಾಗ್ದ, ಮುಂದಕ್ಕೆ ಹಾಕಾಕಾ?’

‘ಹೂಂ. ಕಾರಣ ಬರ್ದವ್ರೆ.’

ಅವಳು ಮತ್ತೇನೂ ಕೇಳಲಿಲ್ಲ. ನಾನು ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಬಂದೆ. ವಕೀಲರು ಹೈಕೋರ್ಟಿಗೆ ಹೋಗಬಹುದು ಅಂದರು, ಖರ್ಚು ಹೇಳಿದರು. ಅಪ್ಪನಿಗೆ ಆಗ ಸಾರವೆಯಿಂದ ಬಿದ್ದು ಸೊಂಟ ಮುರಿದಿತ್ತು. ಹೋಗಲಿಲ್ಲ. ಇದನ್ನು ಅಜ್ಜಿಗೆ ಹೇಳಲೂ ಇಲ್ಲ. ಫೋನು ಮಾಡಿದಾಗೆಲ್ಲ ‘ವಾಯ್ದೆ ಯಾವಾಗ್ಲಾ?’ ಅನ್ನುತ್ತಿದ್ದಳು. ನಾನು ಬಾಯಿಗೆ ಬಂದ ತಾರೀಖು ಹೇಳುತ್ತಿದ್ದೆ. ಆಮೇಲೆ ಕೊರೋನ ಬಂತು. ಕೋರ್ಟು ಕಚೇರಿ ಎಲ್ಲ ಮುಚ್ಚವೆ ಅಂದೆ. ಅದೊಂದು ನಿಜ.

ಅವಳಿಗೆ ನೋವಾಗಬಾರದು ಅಂತ ಹೇಳಿದೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಹಾಗಲ್ಲ. ಅವಳ ಮುಂದೆ ಕೂತು, ನಿನ್ನ ಅರ್ಜಿ ಬಿದ್ದುಹೋಯಿತು, ಕಾರಣ ನೀನು ತಡ ಮಾಡಿದ್ದು, ಎಂದು ಓದುವ ಧೈರ್ಯ ನನಗಿರಲಿಲ್ಲ. 1972ರಲ್ಲಿ ಅಕ್ಷರ ಬಲ್ಲವನೊಬ್ಬ ಅವಳ ಮುಂದೆ ಕೂತು ಕ್ರಯ ಎಂದಿದ್ದನ್ನು ಭೋಗ್ಯ ಎಂದು ಓದಿದ. 2019ರಲ್ಲಿ ಅಕ್ಷರ ಬಲ್ಲ ಮೊಮ್ಮಗ ಅವಳ ಮುಂದೆ ಕೂತು ಬಿದ್ದುಹೋಗಿದೆ ಎಂದಿದ್ದನ್ನು ಮುಂದಕ್ಕೆ ಹೋಗಿದೆ ಎಂದು ಓದಿದ. ಅವನು ಹೊಲ ಹೊಡೆಯಲು ಓದಿದ, ನಾನು ಪ್ರೀತಿಗೆ ಓದಿದೆ, ಅದು ಬೇರೆ ಇದು ಬೇರೆ ಅಂತ ಗೆಳೆಯರು ಸಮಾಧಾನ ಹೇಳುತ್ತಾರೆ. ಇರಬಹುದು. ಅವಳಿಗೆ ಎರಡು ಸಲವೂ ಸಿಕ್ಕಿದ್ದು ಕಾಗದದಲ್ಲಿ ಇಲ್ಲದ್ದು. ನಾನು ಅಷ್ಟೆಲ್ಲ ಓದಿದ್ದು, ಅವಳು ಕೂಲಿ ಮಾಡಿ ನನ್ನನ್ನು ಓದಿಸಿದ್ದು, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಬ್ಬನಾದರೂ ಓದಿ ಹೇಳಲಿ ಅಂತ.

ಯಾವಾಗಿನಿಂದಲೋ ಅವಳು ವಾಯಿದೆ ಕೇಳುವುದು ನಿಂತಿತು. ಯಾವಾಗಿನಿಂದ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ನನಗೆ ಅದು ಹಾಯೆನಿಸಿತ್ತು, ಅಷ್ಟು ಮಾತ್ರ ನೆನಪಿದೆ.

2022ರ ಮಾಘದಲ್ಲಿ ಹೋದಳು. ಹಿಂದಿನ ರಾತ್ರಿ ಮುದ್ದೆ ಉಂಡು, ಸಾರಿಗೆ ಉಪ್ಪು ಕಡಿಮೆ ಅಂತ ಅವ್ವನನ್ನು ಬೈದು ಮಲಗಿದ್ದಳಂತೆ. ನಮ್ಮ ಕೇರಿಗೆ ಮಸಣ ಇಲ್ಲ. ಕೆರೆ ಅಂಗಳದಲ್ಲೇ ಮಣ್ಣು ಮಾಡಿದೆವು. ಮೇಲಿನ ಕೇರಿಯಿಂದ ನಾಲ್ಕೈದು ಹೆಂಗಸರು ಬಂದು ದೂರದಲ್ಲಿ ನಿಂತು ಅತ್ತು ಹೋದರು. ಅವಳ ಕೈಯಲ್ಲಿ ಹೆತ್ತವರು. ಎದುರುದಾರ ಬರಲಿಲ್ಲ.

2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಿತು. ಇಂಥ ಅರ್ಜಿಗಳಿಗೆ ಯಾವ ಕಾಲಮಿತಿ ಕಾನೂನೂ ಅನ್ವಯಿಸುವುದಿಲ್ಲ ಅಂತ. ಅದಕ್ಕಾಗಿ ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ದಿನಗಟ್ಟಲೆ ಧರಣಿ ಕೂತಿದ್ದವು. ಆ ಧರಣಿಗೆ ನಾನೂ ಒಂದೆರಡು ದಿನ ಹೋಗಿ ಕೂತಿದ್ದೆ. ಅಲ್ಲೂ ಮುದುಕಿಯರು, ಮಡಿಲಲ್ಲಿ ಪ್ಲಾಸ್ಟಿಕ್ ಕವರು. ಮುಗಿದುಹೋದ ನಮ್ಮ ಕೇಸಿಗೆ ಇದು ಬರುತ್ತದೆ ಅಂತ ಒಬ್ಬ ವಕೀಲರು, ಬರುವುದಿಲ್ಲ ಅಂತ ಇನ್ನೊಬ್ಬರು. ಹೊಸದಾಗಿ ಅರ್ಜಿ ಹಾಕೋಣ ಅಂತ ಮೇಷ್ಟ್ರು. ಅವರು ಈಗ ರಿಟೈರ್ ಆಗಿದ್ದಾರೆ, ಸಂಘ ಬಿಟ್ಟಿಲ್ಲ.

ಅದಕ್ಕಾಗಿ ಹಳೇ ಕಡತದ ದೃಢೀಕೃತ ನಕಲು ತೆಗೆಸಲು ಹೋದೆ. ಗುಮಾಸ್ತರು ಪುಟ ತಿರುವುತ್ತ, ‘ಅರ್ಜಿದಾರರಿಗೆ ನೀವೇನಾಗಬೇಕು?’ ಅಂದರು. ಮೊಮ್ಮಗ ಅಂದೆ. ‘ಓದಿದೀರಾ?’ ಅಂದರು. ಹೂಂ ಅಂದೆ. ‘ಹಾಗಾದ್ರೆ ಇಲ್ಲಿ ಸೈನ್ ಮಾಡಿ.’

ನಕಲು ಬಂದ ಮೇಲೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಒಂಬತ್ತು ಪುಟದ ಆ ಆದೇಶವನ್ನು ಮೊದಲಿನಿಂದ ಕೊನೆಯತನಕ, ಬಾಯಿಬಿಟ್ಟು, ನನಗೆ ಕೇಳುವಷ್ಟು ಓದಿದೆ. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು ಎದ್ದು ಹೋದರು. ಕಡತದಲ್ಲಿ ಅಜ್ಜಿಯ ಹೆಬ್ಬೆಟ್ಟು ಎರಡು ಕಡೆ ಇದೆ. 1972ರ ಕ್ರಯಪತ್ರದ ನಕಲಿನಲ್ಲಿ ಒಂದು, 2007ರ ಅರ್ಜಿಯಲ್ಲಿ ಒಂದು. ಮೊದಲನೆಯದರಲ್ಲಿ ಗೆರೆಗಳು ಒಂದರ ಮಗ್ಗುಲಲ್ಲಿ ಒಂದು ಸರಾಗವಾಗಿ ಸುತ್ತಿವೆ. ಎರಡನೆಯದರಲ್ಲಿ ನಡುವೆ ಅಡ್ಡಕ್ಕೆ ಒಂದು ಬಿಳೀ ಪಟ್ಟೆ, ಅಲ್ಲಿ ಶಾಯಿ ಹಿಡಿದಿಲ್ಲ. ಕುಡುಗೋಲು ತಾಕಿದ ಜಾಗ. ಹೊಸ ಅರ್ಜಿಯಲ್ಲಿ ವಿಳಂಬಕ್ಕೆ ಕಾರಣ ಎಂಬ ಕಡೆ ಈ ಎರಡು ಹೆಬ್ಬೆಟ್ಟುಗಳನ್ನೂ ಅಕ್ಕಪಕ್ಕ ಅಂಟಿಸಬೇಕೆಂದು ನಾನು ಹೇಳಿದೆ. ವಕೀಲರು ನಕ್ಕರು. ಮೇಷ್ಟ್ರು ನಗಲಿಲ್ಲ.

ಅಟ್ಟದ ಮೇಲಿನ ಮಡಿಕೆಯ ಹುರುಳಿಯನ್ನು ಅವ್ವ ಈಗಲೂ ವರ್ಷಕ್ಕೊಮ್ಮೆ ಬದಲಾಯಿಸುತ್ತಾಳೆ. ಕಳೆದ ಸಲ ಊರಿಗೆ ಹೋದಾಗ ಬೂದಿ ಕೊಡವುತ್ತ ಕೂತಿದ್ದಳು. ತಲೆ ಎತ್ತದೆ, ‘ವಾಯ್ದೆ ಯಾವಾಗಂತೆ?’ ಅಂದಳು.

‘ಇನ್ನೂ ಕೊಟ್ಟಿಲ್ಲ ಕಣವ್ವ. ಅರ್ಜಿ ತಗೊಂಡ್ರೋ ಇಲ್ವೋ ಅದೇ ಗೊತ್ತಾಗಿಲ್ಲ’ ಅಂದೆ.

ಅವ್ವ ಮೊರ ನನ್ನ ಕಡೆ ತಳ್ಳಿದಳು. ಇಬ್ಬರೂ ಕೂತು ಹುಳುಕು ಕಾಳು ಆಯ್ದೆವು.